ಮುಂಗಡ ಶರಣು ಮಾಡಿ ಗೆದ್ದ ಕಬಡ್ಡಿ

ಸೋಲುವುದಕ್ಕೂ ಒಂದು ಮರ್ಯಾದೆ ಇರಬೇಕು ಎಂದು ನಂಬಿದವನು ನಾನು. ಹೋರಾಡಿ ಸೋತವರನ್ನು ಕಂಡರೆ ಜನ ಅಯ್ಯೋ ಪಾಪ ಅನ್ನುತ್ತಾರೆ. ನಮ್ಮ ಹೈಸ್ಕೂಲಿನ ಹುಡುಗಿಯರ ಕಬಡ್ಡಿ ಟೀಮು ಸೋತರೆ ಮಾತ್ರ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ನಾನು ಗಣಿತದ ಮೇಷ್ಟ್ರು. ಹುಟ್ಟೂರು ಗಡಿಯಾಚೆಯ ತೆಲುಗು ಸೀಮೆಯ ತಾಂಡೂರು, ಕೆಲಸ ಕೊಹೀರ್ ಪಕ್ಕದ ಹಳ್ಳಿಯಲ್ಲಿ. ಆಟದ ಮೇಷ್ಟ್ರ ಹುದ್ದೆ ಖಾಲಿಬಿದ್ದಾಗ ಹೆಡ್ಮಾಸ್ಟರು, “ನಿಮ್ಮ ದನಿ ದೊಡ್ಡದದ, ನೀವೇ ನೋಡ್ಕೋರಿ” ಎಂದು ಸೀಟಿಯನ್ನು ನನ್ನ ಕೊರಳಿಗೆ ಹಾಕಿದರು. ಅಂದಿನಿಂದ ನನಗೆ ಹೊಟ್ಟೆ ಒಳಗೆಳೆದುಕೊಂಡು ನಡೆಯುವ ಅಭ್ಯಾಸವಾಯಿತು.

ಜಹೀರಾಬಾದಿನ ಕ್ರೀಡಾಕೂಟದಲ್ಲಿ ನಮ್ಮವರ ಹೆಸರೇ ‘ಶರಣು ಟೀಮು’. ನಮ್ಮ ಕಡೆ ಯಾರಿಗಾದರೂ ಕಾಲು ತಾಗಿದರೆ ಬಗ್ಗಿ, ಅವರನ್ನು ಮುಟ್ಟಿ, ಕೈಯನ್ನು ಕಣ್ಣಿಗೊತ್ತಿಕೊಂಡು “ಶರಣ್ರೀ” ಅನ್ನಬೇಕು. ಸಂತೆಯ ನೂಕುನುಗ್ಗಲಿನಲ್ಲೂ ಇದಕ್ಕೆ ಮಾಫಿಯಿಲ್ಲ. ಕಬಡ್ಡಿಯಲ್ಲಾದರೋ ಕಾಲು ತಾಗಿಸುವುದೇ ಆಟ! ನಮ್ಮ ಕ್ಯಾಪ್ಟನ್ ಮಹಾನಂದಾ ಚಿಗರೆಯಂತೆ ನುಗ್ಗಿ, ಎದುರಾಳಿಯ ಮೊಣಕಾಲಿಗೆ ಚೆನ್ನಾಗಿ ಕಾಲು ತಾಗಿಸಿ, ಓಡಿಬರುವುದನ್ನು ಬಿಟ್ಟು ಅಲ್ಲೇ ಬಗ್ಗುತ್ತಿದ್ದಳು. ಬಾಯಲ್ಲಿ “ಕಬಡ್ಡಿ” ನಿಂತು “ಶರಣ್ರೀ” ಬರುತ್ತಿತ್ತು. ಅವರು ಆರಾಮವಾಗಿ ಹಿಡಿದು ಕೂರಿಸುತ್ತಿದ್ದರು. ಕಳೆದ ವರ್ಷ ಮೈಕಿನವನು, ಇವರು ಆಟಕ್ಕೆ ಬಂದವರಲ್ಲ, ಪೂಜೆಗೆ ಬಂದವರು ಎಂದು ತೆಲುಗಿನಲ್ಲಿ ಸಾರಿದಾಗ ನಾನು ಶಾಮಿಯಾನದ ಹಿಂದೆ ಹೋಗಿ ನಿಂತಿದ್ದೆ.

ಈ ವರ್ಷ ಹೆಡ್ಮಾಸ್ಟರು ಕಡ್ಡಿ ಮುರಿದಂತೆ ಹೇಳಿದರು: “ಒಂದ್ ಮ್ಯಾಚರ ಗೆಲ್ಲಬೇಕ್ ನೋಡ್ರಿ. ಇಲ್ಲಾಂದ್ರ ಟೀಮ್ ಬಂದ್. ಆಟದ ಪೀರಿಯಡ್ಡೂ ನಿಮ್ಮ ಗಣಿತಕ್ಕೇ ತಗೋರಿ.” ಬಾಗಿಲಲ್ಲಿ ನಿಂತು ಕೇಳಿಸಿಕೊಂಡ ಹುಡುಗಿಯರ ಮುಖ ಬಾಡಿಹೋಯಿತು. ಮಹಾನಂದಾಳ ಕಣ್ಣಲ್ಲಿ ನೀರೇ ಬಂತು. ಈ ಸಲ ಗೆಲ್ಲಿಸಿಯೇ ತೀರುತ್ತೇನೆ ಎಂದು ಅಲ್ಲೇ ತೀರ್ಮಾನಿಸಿದೆ.

“ಕಾಲ್ ತಾಗಿಸಿದ್ರ ಓಡಿ ಬಾ ಅಂತ ಎಷ್ಟು ಸಲ ಹೇಳಬೇಕವಾ?” ಎಂದೆ.

“ಕಾಲ್ ಹತ್ತಿದ್ ಮ್ಯಾಲ ಹಂಗೇ ಹೆಂಗ ಬರಾಕ ಆಗ್ತದ್ರೀ ಸರ್?” ಎಂದಳು ಮಹಾನಂದಾ. “ಕೈ ತಾನೇ ಹೋಗ್ತದ.”

“ಹಂಗಾರ ಆಟಕ್ಕಿಂತ ಮುಂಚೇನೇ ಮಾಡಿ ಮುಗಿಸು.”

“ದೇವರು ಒಪ್ತಾನೇನ್ರೀ?”

“ರೈಲಿಗೆ ಮುಂಚೇನೇ ಟಿಕೆಟ್ ಮಾಡಸ್ತೀವಿ. ಒಳಗ ಕೂಡಾಕ ಬಿಡಂಗಿಲ್ಲೇನು? ಇದೂ ಹಂಗೇ.”

ಈ ಮಾತು ನನ್ನ ಬಾಯಿಂದಲೇ ಬಂತೇ ಎಂದು ನಾನೇ ಬೆರಗಾದೆ. ಅಂದಿನಿಂದ ದಿನಾ ಸಂಜೆ ಮೊದಲು ಶರಣು, ಆಮೇಲೆ ಕಬಡ್ಡಿ. ಮೊದಮೊದಲು ಕೈಗಳು ಮಾತು ಕೇಳಲಿಲ್ಲ. ಬರಬರುತ್ತಾ ಕೇಳತೊಡಗಿದವು.

ಪಂದ್ಯ ಬಿದ್ದದ್ದು ನಾರಾಯಣಖೇಡದ ಕಡೆಯ ಗಟ್ಟಿಮುಟ್ಟಾದ ಟೀಮಿನ ಜೊತೆ. ಸೀಟಿಗೆ ಮುಂಚೆ ನಮ್ಮವರು ಗೆರೆ ದಾಟಿ ಹೋಗಿ ಒಬ್ಬೊಬ್ಬರ ಕಾಲನ್ನೂ ಮುಟ್ಟಿ, “ಇವತ್ತಿನ ಎಲ್ಲಾದಕ್ಕೂ ಸೇರಿ ಶರಣ್ರೀ ಅಕ್ಕಾ” ಎಂದರು. ಪಾಪ, ಎದುರಾಳಿಗಳು ನಾಚಿ ನೀರಾದರು. ಒಬ್ಬಳಂತೂ “ಛಲೋ ಆಗ್ಲಿ” ಎಂದು ಆಶೀರ್ವಾದವನ್ನೇ ಮಾಡಿಬಿಟ್ಟಳು. ಮೈಕಿನವನು ಗಂಟಲು ಸರಿಮಾಡಿಕೊಂಡ. ಆಮೇಲೆ ನೋಡಬೇಕಿತ್ತು ನಮ್ಮ ಹುಡುಗಿಯರ ಕಾಲುಗಳನ್ನು! ಕೊನೆಗೆ ಅಂಕ ಸಮವಾಗಿ ನಿಂತಾಗ ಮಹಾನಂದಾ ನುಗ್ಗಿ ಒಬ್ಬಳಿಗೆ ಕಾಲು ತಾಗಿಸಿದಳು. ಅಯ್ಯೋ, ಹಳೇ ಚಾಳಿ! ಕೈ ಅರ್ಧ ಕೆಳಗಿಳಿಯಿತು. “ಆಗ್ಯಾದ, ಮುಂಚೇನೇ ಆಗ್ಯಾದ, ಓಡಿ ಬಾರೇ!” ಎಂದು ಇಡೀ ಟೀಮು ಕಿರುಚಿತು. ಅವಳು ಕೈ ಹಿಂದಕ್ಕೆಳೆದುಕೊಂಡು ಗೆರೆಯ ಮೇಲೆ ಬಿದ್ದಳು. ಗೆದ್ದೆವು! ಮೈಕಿನವನು ಕೂಡ ‘ಶರಣು ಟೀಮು’ ಅನ್ನದೆ ನಮ್ಮ ಶಾಲೆಯ ಹೆಸರನ್ನು ಸರಿಯಾಗಿ ಹೇಳಿದ.

ವಾಪಸು ಬರುವಾಗ ಬಸ್ಸಿನಲ್ಲಿ ಎದ್ದು ನಿಂತು, ಶಾಲೆಯ ಮಾನ, ಶಿಸ್ತು, ಗುರುಗಳ ಮಾರ್ಗದರ್ಶನ ಎಂದೆಲ್ಲ ಭಾಷಣ ಮಾಡಿದೆ. ಬಳಿಕ ಉತ್ತರ ಗೊತ್ತಿದ್ದವನಂತೆ ಮಹಾನಂದಾಳನ್ನು ಕೇಳಿದೆ: “ಕಡೀಗೆ ಅಷ್ಟು ಜೋರ್ ಎಲ್ಲಿಂದ ಬಂತವಾ ನಿನಗ?”

ಅವಳು ಹಿಂದೆಮುಂದೆ ನೋಡದೆ ಹೇಳಿದಳು: “ಸೋತಿದ್ರ ಆಟದ ಪೀರಿಯಡ್ನ್ಯಾಗೂ ನಿಮ್ಮ ಗಣಿತಾನೇ ಕೇಳಬೇಕಿತ್ತಲ್ರೀ ಸರ್!”

ಕಂಡಕ್ಟರನೂ ನಕ್ಕ. ಈ ಗೆಲುವು ಪೂರ್ತಿಯಾಗಿ ಗಣಿತ ಮೇಷ್ಟ್ರಿಗೇ ಸಲ್ಲಬೇಕು ಎಂದು ಹೆಡ್ಮಾಸ್ಟರು ಸಿಕ್ಕವರಿಗೆಲ್ಲ ಹೇಳುತ್ತಾರೆ. ಹೌದೆಂದು ನಾನೂ ತಲೆಯಾಡಿಸುತ್ತೇನೆ.