ಫ್ಯಾನ್ ನಾನು, ಫಲ ಗಂಡನಿಗೆ

ಬೇಡ ಬೇಡ ಅನ್ನುವವರ ಮಡಿಲಿಗೇ ಎಲ್ಲವೂ ಬಂದು ಬೀಳುವುದು ಲೋಕದಲ್ಲಿ ನಡೆಯುತ್ತಲೇ ಇರುತ್ತದೆ. ಮಂಗಳೂರಿನ ಕುಲಶೇಖರದಲ್ಲಿರುವ ನಮ್ಮ ಮನೆಯಲ್ಲಿ ಅದು ಡಿಸೆಂಬರಿನಲ್ಲಿ ನಡೆಯುತ್ತದೆ.

ನಾನು ಆಸ್ಪತ್ರೆಯಲ್ಲಿ ನರ್ಸ್. ನರ್ಸಿಂಗ್ ಓದುವ ಕಾಲದಿಂದಲೂ ಬೆಂಗಳೂರಿನ ಒಂದು ರಾಕ್ ಬ್ಯಾಂಡಿನ ಹುಚ್ಚು ನನಗೆ, ಅದರಲ್ಲೂ ಗಿಟಾರ್ ನುಡಿಸುವವನದ್ದು. ಇಪ್ಪತ್ತು ವರ್ಷದಿಂದ ನನಗೆ ಬೇಕಾದದ್ದು ಒಂದೇ. ಅವನು ತಂತಿ ಮೀಟುವ ಪಿಕ್, ಅಂದರೆ ಹೆಬ್ಬೆರಳ ಉಗುರಿನಷ್ಟು ದೊಡ್ಡ ಪ್ಲಾಸ್ಟಿಕ್ ಚೂರು, ಅವನ ಕೈಯಿಂದ ನನ್ನ ಕೈಗೆ ಬರಬೇಕು. ನನ್ನ ಗಂಡ ಕೆಲಸ ಮಾಡುವುದು ಗಲ್ಫಿನಲ್ಲಿ. ಕ್ರಿಸ್ಮಸ್ ರಜೆಗೆ ಊರಿಗೆ ಬರುತ್ತಾರೆ. ಬ್ಯಾಂಡ್ ಮಂಗಳೂರಿಗೆ ಬರುವುದೂ ಆಗಲೇ. ರಾಕ್ ಅಂದರೆ ಅವರಿಗೆ ತಲೆನೋವು. ಆದರೂ ನನ್ನನ್ನು ಒಬ್ಬಳನ್ನೇ ಕಳಿಸಲು ಮನಸ್ಸಿಲ್ಲದೆ, ಎರಡೂ ಕಿವಿಗೆ ಹತ್ತಿ ತುರುಕಿಕೊಂಡು ಜೊತೆಗೆ ಬರುತ್ತಾರೆ. ಹೊಟ್ಟೆಕಿಚ್ಚು ಅಂದರೆ ಏನೆಂದು ಯಾರಿಗಾದರೂ ತಿಳಿಯಬೇಕಿದ್ದರೆ ನನ್ನನ್ನು ಕೇಳಿ.

ಆರಡಿ ಎತ್ತರ

ಮೊದಲ ಸಲ ಹೋದಾಗ ಮೈದಾನ ತುಂಬಿತ್ತು. ನಾನು ಐದಡಿಗೆ ಎರಡಿಂಚು ಕಡಿಮೆ. ಮೂರು ಗಂಟೆ ನಾನು ನೋಡಿದ್ದು ಮುಂದೆ ನಿಂತವನ ಬೆನ್ನು. ನನ್ನ ಗಂಡ ಆರಡಿ. ಅವರಿಗೆ ಸ್ಟೇಜಿನ ಮೇಲಿನ ವೈರುಗಳೂ ಕಾಣುತ್ತಿದ್ದವು.

ಅವರ ಒಂದು ಕಿವಿಯ ಹತ್ತಿ ಎಳೆದು ಕೇಳಿದೆ, "ಈಗ ಎಂತ ಮಾಡ್ತಾ ಇದ್ದಾನೆ?"

"ನೀರು ಕುಡೀತಾ ಇದ್ದಾನೆ."

"ಈಗ?"

"ಬೆವರು ಒರೆಸ್ತಾ ಇದ್ದಾನೆ. ನಮ್ಮ ಮನೆಯಲ್ಲಿ ಉಂಟಲ್ಲ, ಅದೇ ತರದ ಟವೆಲು."

ಅಷ್ಟರಲ್ಲಿ ಇಡೀ ಮೈದಾನ ಕಿರುಚಿತು. ಎಂತಾಯಿತು ಎಂತಾಯಿತು ಎಂದು ಅವರ ಅಂಗಿ ಜಗ್ಗಿದೆ.

"ಎಂತ ಇಲ್ಲ ಮಾರಾಯ್ತಿ. ಮೊಣಕಾಲೂರಿ ಗಿಟಾರನ್ನು ಬೆನ್ನ ಹಿಂದೆ ಹಿಡಿದು ಬಾರಿಸಿದ. ಈಗ ಎದ್ದ."

ಅದೊಂದನ್ನು ಕಣ್ಣಾರೆ ನೋಡಬೇಕೆಂದು ನಾನು ವರ್ಷಗಟ್ಟಲೆ ಕಾದಿದ್ದೆ. ಇವರಿಗೆ ಅದು ಎಂತ ಇಲ್ಲ.

ಉದ್ದದ ಮನುಷ್ಯ ಸಿಕ್ಕಿದ್ದಾರೆಂದು ಸುತ್ತಲಿನ ಹುಡುಗಿಯರೆಲ್ಲ ಒಬ್ಬೊಬ್ಬರಾಗಿ ಅವರ ಕೈಗೆ ಫೋನು ಕೊಟ್ಟು, "ಅಂಕಲ್, ಒಂದು ಫೋಟೋ ಪ್ಲೀಸ್" ಅಂದರು. ಎಲ್ಲರಿಗೂ ಚಂದ ಮಾಡಿ ತೆಗೆದುಕೊಟ್ಟರು. ನನ್ನ ಫೋನಿನ ಸರದಿ ಬರುವಾಗ ಕೈ ಸೋತಿತ್ತು. ಮನೆಗೆ ಬಂದು ನೋಡಿದರೆ ಹನ್ನೊಂದು ಫೋಟೋಗಳಲ್ಲಿಯೂ ಅವರ ಹೆಬ್ಬೆರಳು ಬಹಳ ಸ್ಪಷ್ಟವಾಗಿ ಬಂದಿತ್ತು.

ಡ್ರಮ್ಮಿನ ಕೋಲು

ಮತ್ತೊಂದು ವರ್ಷ, ಕಾರ್ಯಕ್ರಮ ಮುಗಿಯುವಾಗ ಡ್ರಮ್ ಬಾರಿಸುವವನು ಕೈಯಲ್ಲಿದ್ದ ಕೋಲನ್ನು ಜನರ ಮೇಲೆ ಎಸೆದ. ಸಾವಿರ ಕೈ ಮೇಲೆದ್ದವು, ನನ್ನವೂ ಸೇರಿ. ನನ್ನ ಗಂಡ ಆ ಹೊತ್ತಿಗೆ ಹಿಂದಕ್ಕೆ ತಿರುಗಿ, ಕಾರು ಹೊರಗೆ ತೆಗೆಯಲು ಯಾವ ಗೇಟು ಒಳ್ಳೆಯದೆಂದು ನೋಡುತ್ತಿದ್ದರು. ಕೋಲು ಅವರ ತಲೆಗೆ ಬಡಿದು, ನೀರಿನ ಬಾಟ್ಲಿ ಇದ್ದ ಚೀಲದೊಳಗೆ ಬಿತ್ತು.

"ಯಾರೋ ಹೊಡೆದ್ರು," ಅಂದರು. ಸಿಟ್ಟಿನಲ್ಲಿ ಅದನ್ನು ತಿರುಗಿ ಸ್ಟೇಜಿಗೇ ಎಸೆಯಲು ಹೊರಟಿದ್ದರು. ನಾನು ಕೈ ಹಿಡಿದು ತಡೆದೆ. ತಡೆದದ್ದೇ ತಪ್ಪಾಯಿತು. ಬೆಲೆಯುಳ್ಳ ವಸ್ತು ಎಂದು ಗೊತ್ತಾದ ಮೇಲೆ, ಎಷ್ಟು ಬೇಡಿದರೂ ಒಂದೇ ಮಾತು: "ಅದು ನನ್ನ ತಲೆಗೆ ಬಿದ್ದದ್ದು."

ಮರುದಿನ ನಾನು ಡ್ಯೂಟಿ ಮುಗಿಸಿ ಬರುವಾಗ ಅತ್ತೆ ಆ ಕೋಲನ್ನು ಅಡುಗೆಮನೆಯ ಕಿಟಕಿಗೆ ಊರುಗೋಲಾಗಿ ಕೊಟ್ಟಿದ್ದರು. "ಒಳ್ಳೇ ಮರ," ಅಂತ ಹೊಗಳಿದರು ಕೂಡ. ಇವತ್ತಿಗೂ ಅಲ್ಲೇ ಉಂಟು. ಗಾಳಿ ಬಂದಾಗ ಕಿಟಕಿ ಬಡಿದುಕೊಳ್ಳುತ್ತದೆ, ಆದರೆ ತಾಳ ಸರಿ ಇರುವುದಿಲ್ಲ.

ಅಂಗಿ

ಬ್ಯಾಂಡಿನ ಹೆಸರಿರುವ ಟೀ ಶರ್ಟ್ ತರಿಸಿದ್ದೆ. ದೊಡ್ಡ ಸೈಜು ಮಾತ್ರ ಉಳಿದಿತ್ತಂತೆ. ಹಾಕಿಕೊಂಡರೆ ಮೊಣಕಾಲಿಗೆ ಬಂತು. ಹೊಸ ನೈಟಿಯಾ ಎಂದು ಅತ್ತೆ ಕೇಳಿದರು. ಕೊನೆಗೆ ಅದೂ ಗಂಡನ ಪಾಲಾಯಿತು. ಮೀನು ತರಲು ಹೋಗುವಾಗ ಹಾಕಿಕೊಂಡು ಹೋಗುತ್ತಿದ್ದರು.

ಒಂದು ದಿನ ಬಂಗುಡೆ ಆರಿಸುತ್ತಿದ್ದಾಗ ಕಾಲೇಜು ಹುಡುಗನೊಬ್ಬ ಅಂಗಿ ನೋಡಿ ಹತ್ತಿರ ಬಂದ. ನಾನು ಪಕ್ಕದಲ್ಲೇ ಚೀಲ ಹಿಡಿದು ನಿಂತಿದ್ದೆ. ನನ್ನನ್ನು ಅವನು ನೋಡಲೇ ಇಲ್ಲ.

"ಅಂಕಲ್, ಅವರ ಪ್ರೋಗ್ರಾಂ ನೋಡಿದ್ದೀರಾ?"

"ಎಲ್ಲದಕ್ಕೂ ಹೋಗಿದ್ದೇನೆ," ಅಂದರು ಇವರು. ಸುಳ್ಳಲ್ಲ.

"ಯಾವ ಹಾಡು ಇಷ್ಟ?"

"ಕೊನೆಯದ್ದು."

ಅದು ಮುಗಿದರೆ ಮನೆಗೆ ಹೋಗಬಹುದು, ಅದಕ್ಕೆ ಇಷ್ಟ. ಹುಡುಗ ಮಾತ್ರ ಅವರ ಕೈ ಕುಲುಕಿದ. "ಕರೆಕ್ಟ್ ಅಂಕಲ್. ಎಲ್ಲರೂ ಫೇಮಸ್ ಹಾಡು ಹೇಳ್ತಾರೆ. ಇದು ನಿಜವಾದ ಫ್ಯಾನ್‌ಗಳು ಮಾತ್ರ ಹೇಳುವ ಮಾತು."

ಆ ದಿನ ಬಂಗುಡೆಗೆ ಖಾರ ಜಾಸ್ತಿಯಾಯಿತೆಂದು ಮನೆಯವರೆಲ್ಲ ಹೇಳಿದರು. ಬೇಕೆಂದೇ ಹಾಕಿದ್ದೆ.

ಹೆಸರು, ವಯಸ್ಸು

ಕಳೆದ ಸಲ ಪಾಸೇ ಸಿಗಲಿಲ್ಲ. ಆದರೆ ಸ್ಟೇಜಿನ ಹಿಂದೆ ಪ್ರಥಮ ಚಿಕಿತ್ಸೆಗೆ ನಮ್ಮ ಆಸ್ಪತ್ರೆಯಿಂದ ಒಬ್ಬ ಸಿಸ್ಟರನ್ನು ಕಳಿಸಬೇಕಿತ್ತು. ಇಬ್ಬರ ಡ್ಯೂಟಿ ನಾನು ಮಾಡಿಕೊಡುತ್ತೇನೆಂದು ಒಪ್ಪಿ, ಕ್ರಿಸ್ಮಸ್ ರಜೆಯನ್ನೂ ಬಿಟ್ಟುಕೊಟ್ಟು ಆ ಕೆಲಸ ಹಿಡಿದೆ. ಸ್ಟೇಜಿನ ಹಿಂದೆ ಅಂದರೆ ಅವನಿಂದ ಹತ್ತು ಹೆಜ್ಜೆ. ಈ ಸಲ ಪಿಕ್ ನನ್ನದೇ. ಔಷಧದ ಪೆಟ್ಟಿಗೆ ಹೊರಲು ಗಂಡ ಬಂದರು, ಅದೇ ಟೀ ಶರ್ಟಿನಲ್ಲಿ. ಬಂದವರೇ ನನ್ನ ಪೆಟ್ಟಿಗೆಯಿಂದಲೇ ಹತ್ತಿ ತೆಗೆದು ಕಿವಿಗೆ ಇಟ್ಟುಕೊಂಡರು.

ಕಾರ್ಯಕ್ರಮದ ಅರ್ಧದಲ್ಲಿ ಒಬ್ಬನನ್ನು ಹಿಡಿದುಕೊಂಡು ತಂದರು. ನಮ್ಮೂರಿನ ಸೆಕೆಗೆ ತಲೆ ತಿರುಗಿತ್ತು. ಮಲಗಿಸಿದೆ, ಕಾಲು ಎತ್ತರಿಸಿದೆ, ಬಿ.ಪಿ. ನೋಡಿದೆ. ಡ್ಯೂಟಿಯಲ್ಲಿ ನನಗೆ ಕಾಣುವುದು ರೋಗಿ, ಮುಖ ಅಲ್ಲ. ಕುರ್ಚಿ ಎಳೆದು, ತಲೆ ತಗ್ಗಿಸಿ ಚೀಟಿ ಬರೆಯಲು ಕೂತೆ.

"ಹೆಸರು?"

ಹೇಳಿದ. ಬರೆದೆ.

"ವಯಸ್ಸು?"

ಹೇಳಿದ. ಬರೆದೆ.

"ಕೆಲಸ ಎಂತ ಮಾಡ್ತೀರಿ?"

ಸುತ್ತ ನಿಂತವರು ನಕ್ಕರು. "ಗಿಟಾರ್ ಬಾರಿಸ್ತೀನಿ, ಸಿಸ್ಟರ್," ಅಂದ ಅವನು.

"ಬೆಳಗ್ಗೆಯಿಂದ ಎಂತ ತಿಂದದ್ದು?"

"ಕಾಫಿ."

"ಕಾಫಿ ತಿಂಡಿಯಾ?" ಎಂದು ಗದರಿಸಿ, ಉಪ್ಪು ಸಕ್ಕರೆಯ ನೀರು ಕೊಡಲು ತಲೆ ಎತ್ತಿದೆ. ಆಗ ಮುಖ ನೋಡಿದೆ. ಇಪ್ಪತ್ತು ವರ್ಷದಿಂದ ಕನ್ನಡಿಯ ಮುಂದೆ ನಿಂತು ಅವನಿಗಾಗಿ ಕಲಿತಿಟ್ಟ ಮಾತುಗಳಿದ್ದವು. ಬಾಯಿಂದ ಬಂದದ್ದು, "ಪೂರ್ತಿ ಕುಡೀರಿ. ಚೆಲ್ಲಬೇಡಿ."

ಕುಡಿದು ಎದ್ದು ಕೂತ. ನನ್ನ ಹಿಂದೆ ನಿಂತಿದ್ದ ಗಂಡನ ಎದೆಯ ಮೇಲೆ ಅವನ ಕಣ್ಣು ಬಿತ್ತು. ತನ್ನ ಬ್ಯಾಂಡಿನ ಹೆಸರು ನೋಡಿ ಅವನ ಮುಖ ಅರಳಿತು. "ಇವರು?"

"ನನ್ನ ಗಂಡ," ಅಂದೆ.

ಅವನು ಜೇಬಿಗೆ ಕೈ ಹಾಕಿ ಪಿಕ್ ತೆಗೆದು, ನನ್ನ ಹೆಗಲ ಮೇಲಿಂದ ಕೈ ಚಾಚಿ ಅವರಿಗೆ ಕೊಟ್ಟ. ಅವರು ಅದನ್ನು ಬೆಳಕಿಗೆ ಹಿಡಿದು ನೋಡಿ, ಥ್ಯಾಂಕ್ಸ್ ಹೇಳಿ, ಕಾರಿನ ಕೀ ಇದ್ದ ಕಿಸೆಗೆ ಹಾಕಿಕೊಂಡರು. ಕೈ ಚಾಚಿದೆ. "ನನಗೆ ಕೊಟ್ಟದ್ದಲ್ವಾ?" ಅಂದರು. ಹೊಟ್ಟೆಯೊಳಗೆ ಉರಿದ ಬೆಂಕಿಗೆ ನನ್ನ ಪೆಟ್ಟಿಗೆಯಲ್ಲಿ ಔಷಧ ಇರಲಿಲ್ಲ.

ಅವನು ಸ್ಟೇಜಿಗೆ ಮರಳಿದ. ಜನ ಕಿರುಚಿದರು. ಮೈಕಿನಲ್ಲಿ ಹೇಳಿದ, "ನಾನು ಯಾರು ಅಂತಲೇ ಗೊತ್ತಿಲ್ಲದೆ ನನ್ನನ್ನು ನೋಡಿಕೊಂಡ ಸಿಸ್ಟರಿಗೆ ಥ್ಯಾಂಕ್ಸ್. ಇದು ಇವತ್ತಿನ ಕೊನೆಯ ಹಾಡು. ಮಂಗಳೂರಿನಲ್ಲಿರುವ ನಮ್ಮ ದೊಡ್ಡ ಫ್ಯಾನ್, ಆ ಸಿಸ್ಟರಿನ ಗಂಡನಿಗೆ."

ಗಂಡ ಒಂದು ಕಿವಿಯ ಹತ್ತಿ ತೆಗೆದು ನನ್ನ ಕಡೆ ಬಗ್ಗಿದರು. "ಎಂತ ಹೇಳಿದ?"

"ಕೊನೆಯ ಹಾಡಂತೆ," ಅಂದೆ.

"ಹಾಗಾದ್ರೆ ಒಳ್ಳೇದೇ ಇರ್ತದೆ," ಎಂದು ಹತ್ತಿ ಮತ್ತೆ ತುರುಕಿಕೊಂಡು, ಪೆಟ್ಟಿಗೆ ಕಟ್ಟತೊಡಗಿದರು.