ಗೋಡೆಯವರ ನಾಲ್ಕು ನಿಮಿಷ

ಒಬ್ಬ ಸದಸ್ಯರ ಗಂಟಲು ಕೂತುಹೋಯಿತು. ಅಷ್ಟಕ್ಕೇ ಇಷ್ಟೆಲ್ಲ ಆಯಿತು.

ಆ ದಿನ ಸಂಸತ್ತಿನಲ್ಲಿ ದೇಶದ ರೈಲು ಸುರಕ್ಷತೆಯ ಬಗ್ಗೆ ಚರ್ಚೆ. ಆಡಳಿತ ಪಕ್ಷದಿಂದ ಮಾತಾಡಬೇಕಾದವರು ಬೆಳಿಗ್ಗೆ ಬಂದು ಬಾಯಿ ತೆರೆದರೆ ಎಣ್ಣೆ ಕಾಣದ ಬಾಗಿಲಿನ ಸದ್ದು ಬಂತು. ಯಾರು ಯಾವಾಗ ಮಾತಾಡಬೇಕೆಂದು ತೀರ್ಮಾನಿಸುವ ಸಚೇತಕರು ಬೆಂಚುಗಳ ಮೇಲೆಲ್ಲ ಕಣ್ಣಾಡಿಸಿದರು. ಮಾತು ಬಲ್ಲವರೆಲ್ಲ ವಾರದ ಕೊನೆ ಎಂದು ಊರಿಗೆ ಹೋಗಿದ್ದರು. ಕೈಗೆ ಸಿಕ್ಕಿದವರು ಗೋಡೆಯವರೊಬ್ಬರೇ.

ಗೋಡೆ ಅನ್ನುವುದು ಅಡ್ಡಹೆಸರು. ಟೀವಿಯ ನೇರಪ್ರಸಾರದಲ್ಲಿ ಮಾತಾಡುವವರ ಹಿಂದೆ ಖಾಲಿ ಬೆಂಚು ಕಂಡರೆ ಪಕ್ಷದ ಮಾನ ಹೋಗುತ್ತದೆ. ಹಾಗಾಗಿ ಯಾರು ಎದ್ದರೂ ಇವರನ್ನು ಎಳೆತಂದು ಅವರ ಬೆನ್ನ ಹಿಂದೆ ಕೂರಿಸುತ್ತಿದ್ದರು. ಶಿಕ್ಷಣವಿರಲಿ, ಗಡಿಯಿರಲಿ, ಕುಡಿಯುವ ನೀರಿರಲಿ, ದೇಶದ ಯಾವ ಚರ್ಚೆ ತೆಗೆದು ನೋಡಿದರೂ ಇವರ ಮುಖವಿತ್ತು. ಮಾತು ಮಾತ್ರ ಇರಲಿಲ್ಲ.

ಸಚೇತಕರು ಹತ್ತಿರ ಬಂದು, ನಾಲ್ಕು ನಿಮಿಷವಿದೆ, ಊಟವಾದ ಮೇಲೆ ಮಾತಾಡುತ್ತೀರಾ ಎಂದು ಕೇಳಿದಾಗ ಗೋಡೆಯವರಿಗೆ ನೆಲ ಒಂದಿಷ್ಟು ಅಲುಗಿದ ಹಾಗಾಯಿತು. ಹೂಂ ಅಂದರು.

ಅವರಿಗೆ ಹೇಳಬೇಕಾದದ್ದು ಒಂದೇ ಇತ್ತು. ಅವರ ಊರಿನ ನಡುವೆ ರೈಲು ಹಳಿ. ಈಚೆ ಮನೆಗಳು, ಆಚೆ ಆಸ್ಪತ್ರೆ, ನಡುವೆ ಗೇಟು. ಅಣ್ಣನಿಗೆ ಎದೆನೋವು ಬಂದ ದಿನ ಆ ಗೇಟು ಮುಚ್ಚಿತ್ತು. ಗೂಡ್ಸ್ ರೈಲು ಮದುವೆ ಮುಗಿಸಿ ಹೊರಟ ನೆಂಟರ ಹಾಗೆ ನಿಂತು, ನಾಲ್ಕು ಹೆಜ್ಜೆ ಹೋಗಿ, ಮತ್ತೆ ನಿಂತು ಸಾಗಿತು. ಗೇಟು ತೆರೆಯುವ ಹೊತ್ತಿಗೆ ಆಂಬ್ಯುಲೆನ್ಸಿಗೆ ಅವಸರ ಉಳಿದಿರಲಿಲ್ಲ. ಅಣ್ಣ ನಿಲ್ಲಬೇಕಾಗಿದ್ದ ಚುನಾವಣೆಗೆ ತಮ್ಮ ನಿಂತರು. ಗೇಟು ತೆಗೆಸಿ ಮೇಲ್ಸೇತುವೆ ಕಟ್ಟಿಸುತ್ತೇನೆ ಎಂದರು. ಜನ ಗೆಲ್ಲಿಸಿದರು.

ಅತ್ತಿಗೆ ಒಂದು ದಿನವೂ ಅದರ ಮಾತೆತ್ತಿರಲಿಲ್ಲ. ಸದನ ನಡೆಯುವ ದಿನಗಳಲ್ಲಿ ಟೀವಿಯ ಮುಂದೆ ಕೂತು, ಯಾರದೋ ಹೆಗಲಿನ ಹಿಂದೆ ಕಾಣುವ ಮೈದುನನ ಮುಖವನ್ನು ನೋಡುತ್ತಿದ್ದರು. ಸಂಜೆ ಟೀವಿ ಆರಿಸಿ ಅಡಿಗೆಗೆ ಏಳುತ್ತಿದ್ದರು.

ಗೋಡೆಯವರು ಕಾರಿಡಾರಿಗೆ ಹೋಗಿ ಮನೆಗೆ ಫೋನು ಮಾಡಿದರು.

"ಅತ್ತಿಗೆ, ಇವತ್ತು ನಾನು ಮಾತಾಡ್ತಿದೀನಿ."

"ಗೇಟಿನ ವಿಷಯಾನಾ?"

"ಅದೇ."

"ಸೇತುವೆ ಕೇಳು. ಬೇರೆ ಏನೂ ಬೇಡ," ಎಂದು ಅತ್ತಿಗೆ ಫೋನಿಟ್ಟರು.

ಗೋಡೆ ಮಾತಾಡುತ್ತದಂತೆ ಎಂಬ ಸುದ್ದಿ ಕ್ಯಾಂಟೀನು ಮುಟ್ಟುವಷ್ಟರಲ್ಲಿ ಸಲಹೆ ಕೊಡುವವರು ಬೆಲ್ಲಕ್ಕೆ ಇರುವೆ ಮುತ್ತಿದ ಹಾಗೆ ಮುತ್ತಿದರು. ಸಚೇತಕರು ಮೊದಲು ನಾಯಕರಿಗೆ ವಂದನೆ ಹೇಳಲೇಬೇಕು, ಇಲ್ಲದಿದ್ದರೆ ಮುಂದಿನ ಸಲ ಟಿಕೆಟ್ಟಿನ ಆಸೆ ಬಿಡಬೇಕು ಎಂದರು. ನಾಲ್ಕು ನಿಮಿಷದಲ್ಲಿ ಮುಗಿಸಲಾರರೆಂದು ಸಚೇತಕರು ಕೈಬಿಟ್ಟಿದ್ದ ಪಕ್ಕದ ಸೀಟಿನ ಹಿರಿಯರು ಮೂವತ್ತು ವರ್ಷದಿಂದ ಎಲ್ಲ ಭಾಷಣವನ್ನೂ ಇತಿಹಾಸದಿಂದಲೇ ಶುರುಮಾಡಿದವರು.

"ರೈಲು ಅಂದ್ಮೇಲೆ ಉಗಿಬಂಡಿಯಿಂದ ಹೊರಡಬೇಕು ಕಣಯ್ಯಾ. ನೆಟ್ಟಗೆ ನಿಮ್ಮೂರ ಗೇಟಿಗೆ ಹೋಗಿ ನಿಂತ್ರೆ, ಇವನೇನು ಪಂಚಾಯ್ತಿ ಮೆಂಬರಾ ಅಂತಾರೆ."

ಕಡೆಗೆ ಗಂಟಲು ಕೂತ ಸದಸ್ಯರೂ ಬಂದರು. ಸಮಯ ತಮ್ಮದು, ಆದ್ದರಿಂದ ತಮ್ಮ ಬೇಡಿಕೆಯೂ ಅದರಲ್ಲಿ ಬರಬೇಕು ಎಂದು ಉಸಿರಿನಲ್ಲೇ ಹೇಳಿದರು. ರಾತ್ರಿ ರೈಲಿನ ದಿಂಬುಗಳು ತೀರಾ ಚಿಕ್ಕವು ಎಂಬುದು ಅವರ ಬೇಡಿಕೆ. ಗೋಡೆಯವರಿಗೆ ಇಲ್ಲ ಅನ್ನುವುದು ಗೊತ್ತಿರಲಿಲ್ಲ. ಒಬ್ಬೊಬ್ಬರಿಗೂ ಜಾಗ ಬಿಡುತ್ತಾ ಹೋದ ಹಾಗೆ, ಗೇಟು ಬಸ್ಸಿನಲ್ಲಿ ಕಡೆಗೆ ಹತ್ತಿದವನಂತೆ ಭಾಷಣದ ತುದಿಯ ಮೆಟ್ಟಿಲಿಗೆ ಬಂದು ನೇತಾಡತೊಡಗಿತು.

ಊಟವಾದ ಮೇಲೆ ಸಭಾಧ್ಯಕ್ಷರು ಹೆಸರು ಕರೆದರು. ಗೋಡೆಯವರು ಎದ್ದರು. ಆ ಸೀಟಿನ ಮೈಕನ್ನು ಅದುವರೆಗೆ ಯಾರೂ ಒತ್ತಿರಲಿಲ್ಲ. ಅದು ಹೊಸ ಸೊಸೆಯ ಹಾಗೆ ಬಾಯಿ ಬಿಡಲಿಲ್ಲ. ಸಿಬ್ಬಂದಿಯೊಬ್ಬ ಬಂದು ತಟ್ಟಿದ. ಕಿರ್ರೆಂದು ಕೂಗಿತು. ಗೋಡೆಯವರು ಬೆಚ್ಚಿ ಒಂದು ಹೆಜ್ಜೆ ಹಿಂದೆ ಸರಿದರು. ಅವರ ಬೆನ್ನ ಹಿಂದಿನ ಬೆಂಚುಗಳೆಲ್ಲ ಖಾಲಿ. ಅಲ್ಲಿ ಕೂರಬೇಕಾದವರು ಈಗ ನಿಂತಿದ್ದರಲ್ಲ.

ಅಷ್ಟರಲ್ಲಿ ಒಂದು ನಿಮಿಷ ಹೋಗಿತ್ತು.

ನಾಯಕರಿಗೆ ವಂದನೆ ಹೇಳಿದ ಕೂಡಲೇ ವಿರೋಧ ಪಕ್ಷದವರು ಎದ್ದು ಗದ್ದಲ ಹಾಕಿದರು. ಅದು ಅಡಗುವ ಹೊತ್ತಿಗೆ ಇನ್ನೊಂದು ನಿಮಿಷ ಹೋಯಿತು. ಉಗಿಬಂಡಿ ಹೊರಟಿತು, ಆದರೆ ಹಿರಿಯರು ಕೆಳಗಿನಿಂದ ಇಸವಿ ತಿದ್ದುತ್ತಾ ಹೋದದ್ದರಿಂದ ಎರಡೆರಡು ಸಲ ಹಿಂದೆ ಬಂದು ಮತ್ತೆ ಹೊರಡಬೇಕಾಯಿತು. ದಿಂಬು ಅಂದಾಗ ಇಡೀ ಸದನ ನಕ್ಕಿತು. ಆಗ ಸಭಾಧ್ಯಕ್ಷರು ಗಂಟೆ ಬಾರಿಸಿದರು.

"ಅಧ್ಯಕ್ಷರೇ, ಮುಖ್ಯ ವಿಷಯ ಈಗ ಬರ್ತಾ ಇದೆ," ಅಂದರು ಗೋಡೆಯವರು.

"ಮುಖ್ಯ ವಿಷಯ ಮೊದಲು ಬರಬೇಕಿತ್ತು. ಒಂದೇ ಮಾತಲ್ಲಿ ಮುಗಿಸಿ."

ಗೋಡೆಯವರು ಹಾಳೆ ಕೆಳಗಿಟ್ಟರು. ಬೆಳಗಿನಿಂದ ಮೊದಲ ಸಲ ಅವರ ದನಿ ನೆಟ್ಟಗಾಯಿತು.

"ನಮ್ಮೂರಿನ ರೈಲ್ವೆ ಗೇಟು..."

ಮೈಕಿನ ದೀಪ ಆರಿತು. ಅವರಿಗದು ಕಾಣಲಿಲ್ಲ. ಸೇತುವೆ, ಗೂಡ್ಸ್ ರೈಲು, ಅಣ್ಣ ಹೋದದ್ದು, ಎಲ್ಲವನ್ನೂ ಹೇಳಿದರು. ಹೇಳುತ್ತಾ ಹೇಳುತ್ತಾ ಕಣ್ಣು ತುಂಬಿತು. ಸಭಾಧ್ಯಕ್ಷರು ಆಗಲೇ ಮುಂದಿನವರ ಹೆಸರು ಕರೆದಿದ್ದರು. ಗೋಡೆಯವರು ಮಾತು ಮುಗಿಸಿ ಕೂತಾಗ ಹಿರಿಯರು ಬೆನ್ನು ತಟ್ಟಿ, ಉಗಿಬಂಡಿಯ ಭಾಗ ಚೆನ್ನಾಗಿ ಬಂತು ಎಂದರು.

ಮೈಕಿನ ದೀಪ ಆರಿರುವುದು ಆಗ ಕಣ್ಣಿಗೆ ಬಿತ್ತು. ಫೋನು ಮಾಡಲು ಗೋಡೆಯವರಿಗೆ ಧೈರ್ಯವಾಗಲಿಲ್ಲ. ಗೇಟು ಅನ್ನುವ ಮಾತಾದರೂ ಸದನದ ಕಿವಿಗೆ ಬಿತ್ತಲ್ಲ ಎಂದು ಸಮಾಧಾನ ಮಾಡಿಕೊಂಡರು. ಸಚೇತಕರು ಬಂದು ಯಾಕೆ ಅತ್ತಿರಿ ಎಂದು ವಿಚಾರಿಸಿದರು. ಅಣ್ಣ ಆ ಗೇಟಿನ ಹತ್ತಿರವೇ ಹೋಗಿಬಿಟ್ಟ ಎಂದು ಗೋಡೆಯವರು ಶುರುಮಾಡಿದರು. ಸಚೇತಕರು ಭುಜ ಹಿಸುಕಿದರು. ರೈಲು ಮಂತ್ರಿಗಳ ಕಿವಿಗೆ ಹಾಕುತ್ತೇನೆ, ನೀವೇನೂ ಯೋಚನೆ ಮಾಡಬೇಡಿ ಎಂದು ನಡೆದರು. ಮುಂದಿನ ಸಾಲಿನಲ್ಲಿ ಅವರು ಬಗ್ಗಿ ಮಂತ್ರಿಗಳ ಕಿವಿಯಲ್ಲಿ ಏನೋ ಹೇಳುವುದು ಕಂಡಿತು. ಮಂತ್ರಿಗಳು ತಿರುಗಿ ನೋಡಿ ಎದೆಯ ಮೇಲೆ ಕೈಯಿಟ್ಟುಕೊಂಡರು. ಗೋಡೆಯವರಿಗೆ ಹೋದ ಜೀವ ಬಂದ ಹಾಗಾಯಿತು.

ಸಂಜೆ ರೈಲು ಮಂತ್ರಿಗಳು ಚರ್ಚೆಗೆ ಉತ್ತರ ಕೊಡಲು ಎದ್ದರು. ದಿಂಬಿನ ವಿಷಯ ಪರಿಶೀಲನೆಯಲ್ಲಿದೆ ಎಂದರು. ಆಮೇಲೆ ದನಿ ತಗ್ಗಿಸಿದರು.

"ಮಾನ್ಯ ಸದಸ್ಯರು ಕಣ್ಣೀರು ಹಾಕುತ್ತಾ ತಮ್ಮ ಊರಿಗೆ ರೈಲ್ವೆ ಗೇಟು ಕೇಳಿದ್ದಾರೆ. ಈಗಿರುವ ಒಂದು ಗೇಟು ಆ ಊರಿಗೆ ಸಾಲದು ಎಂಬುದು ನನಗೆ ಅರ್ಥವಾಗಿದೆ. ಗೂಡ್ಸ್ ಶೆಡ್ಡಿಗೆ ಹೋಗುವ ಹಳಿ ಆಸ್ಪತ್ರೆಯ ಮುಂದೆಯೇ ರಸ್ತೆಯನ್ನು ದಾಟುತ್ತದೆ. ಅಲ್ಲಿ ಇಂದಿಗೂ ಗೇಟಿಲ್ಲ. ಎರಡನೆಯ ಗೇಟನ್ನು ಈ ಕ್ಷಣವೇ ಮಂಜೂರು ಮಾಡಿದ್ದೇನೆ. ಅದಕ್ಕೆ ಅವರ ದಿವಂಗತ ಅಣ್ಣನವರ ಹೆಸರಿಡಲಾಗುವುದು."

ಸದನವೆಲ್ಲ ಮೇಜು ಕುಟ್ಟಿತು. ವಿರೋಧ ಪಕ್ಷದವರೂ ಕುಟ್ಟಿದರು. ಗೋಡೆಯವರು ಎದ್ದು ನಿಂತು, ಅಲ್ಲ, ಅದಲ್ಲ, ನಾನು ಕೇಳಿದ್ದು ಅದಲ್ಲ ಎಂದರು. ಮೇಜಿನ ಸದ್ದಿನಲ್ಲಿ ಅದು ಪಕ್ಕದ ಸೀಟಿಗೂ ಕೇಳಲಿಲ್ಲ. ಸದಸ್ಯರು ಭಾವುಕರಾಗಿ ಎದ್ದು ಕೃತಜ್ಞತೆ ಸೂಚಿಸಿದರು ಎಂದು ವರದಿಗಾರರು ಬರೆದುಕೊಂಡರು. ಸಚೇತಕರು ಕೋಟು ಹಿಡಿದು ಕೂರಿಸಿದರು.

"ಕೊಟ್ಟಿದ್ದನ್ನ ತಗೊಳ್ರೀ. ಬೇಡ ಅಂದ್ರೆ ಮಂತ್ರಿಗಳಿಗೆ ಅವಮಾನ. ಮುಂದಿನ ತಿಂಗಳೇ ಉದ್ಘಾಟನೆ ಇಟ್ಕೊಳೋಣ. ನಿಮ್ಮ ಅತ್ತಿಗೆಯವರ ಕೈಲೇ ಮಾಡಿಸೋಣ, ಟೀವಿಯವರು ಬರ್ತಾರೆ."

ಕಾರಿಡಾರಿನಲ್ಲಿ ಫೋನು ಹೊಡೆದುಕೊಂಡಿತು. ಮನೆಯದೇ. ಗೋಡೆಯವರು ಎತ್ತಿ ಕಿವಿಗಿಟ್ಟುಕೊಂಡರು. ಹಿಂದೆ ಬಾಗಿಲ ಹತ್ತಿರ ಬಹಳ ಜನ ಒಟ್ಟಿಗೆ ಮಾತಾಡುವುದು ಕೇಳುತ್ತಿತ್ತು.

"ಅಕ್ಕಪಕ್ಕದೋರೆಲ್ಲ ಬಂದಿದಾರೆ, ಸಂತೋಷ ಆಯ್ತು ಅಂತ," ಅಂದರು ಅತ್ತಿಗೆ.

"ಅತ್ತಿಗೆ, ನಾನು ಸೇತುವೆನೇ..."

"ಕಾಣಿಸ್ತು. ತುಟಿ ಆಡ್ತಿತ್ತು."

ಗೋಡೆಯವರು, ಉದ್ಘಾಟನೆ ನಿಮ್ಮ ಕೈಯಲ್ಲೇ ಆಗಬೇಕಂತೆ ಎಂದುಬಿಟ್ಟರು. ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡರು.

ಅತ್ತಿಗೆ ಒಂದೇ ಮಾತು ಕೇಳಿದರು.

"ಗೇಟು ತೆರೆದು ಮಾಡೋದಾ, ಮುಚ್ಚಿ ಮಾಡೋದಾ?"

ಗೋಡೆಯವರು ಫೋನಿಗೆ ಅಂಗೈ ಅಡ್ಡಹಿಡಿದು, ಹಿಂದೆಯೇ ಬಂದಿದ್ದ ಸಚೇತಕರನ್ನು ಕೇಳಿದರು.

"ಮುಚ್ಚಿನೇ ಮಾಡ್ಬೇಕು," ಅಂದರು ಸಚೇತಕರು. "ತೆರೆದಿದ್ರೆ ಅಲ್ಲೊಂದು ಗೇಟಿದೆ ಅಂತ ಜನಕ್ಕೆ ಗೊತ್ತಾಗೋದು ಹೇಗೆ?"