ಡಾಕ್ಟ್ರಮ್ಮನ ಹೆಸರು

ಶಾಗ್ಯದ ಪುಟ್ಟಬಸಪ್ಪ ಮಗಳಿಗೆ ಹೆಸರಿಡುವ ದಿನ ಬೆಳಿಗ್ಗೆ, ನೆಂಟರೆಲ್ಲ ಉಪ್ಪಿಟ್ಟು ತಿನ್ನುತ್ತಾ ಕೂತಿದ್ದಾಗ, ಯಾರೂ ಕೇಳದ ಒಂದು ಆಣೆ ಇಟ್ಟುಬಿಟ್ಟ. ಆ ದಿನದ ರಾಮಾಯಣವೆಲ್ಲ ಶುರುವಾದದ್ದು ಅಲ್ಲಿಂದಲೇ.

ಕಾರಣ ಅವನ ಅತ್ತೆ ಚನ್ನಾಜಮ್ಮ. "ಮೊದ್ಲ ಮೊಮ್ಮಗ್ಳು. ನನ್ನೆಸ್ರೇ ಇಡ್ಬೇಕು" ಎಂದು ಆಕೆ ನಡುಮನೆಯಲ್ಲಿ ಕಾಲು ಚಾಚಿ ಕೂತುಬಿಟ್ಟಿದ್ದಳು. ಪುಟ್ಟಬಸಪ್ಪ ಉಪ್ಪಿಟ್ಟಿನ ತಟ್ಟೆ ಕೆಳಗಿಟ್ಟ. ಅಳಿಯನಾದವನು ಅತ್ತೆಯ ಹೆಸರನ್ನು ಬಾಯಲ್ಲಿ ಹೇಳುವಂತಿಲ್ಲ. ಆ ಹೆಸರನ್ನೇ ಇಟ್ಟರೆ ಹೆತ್ತ ಮಗಳನ್ನು ಅವನು ಕರೆಯುವುದು ಹೇಗೆ?

"ಅತ್ತೆ, ಓದ್ ವರ್ಸ ನಮ್ಮ ರೇಷ್ಮೆ ಉಳಕ್ಕೆ ರೋಗ ಬಡ್ದು, ತಟ್ಟೆ ತಟ್ಟೆನೇ ತಿಪ್ಪೆ ಸೇರ್ತಿದ್ದಾಗ ಉಳಿಸ್ಕೊಟ್ಟೋರು ಯಾರು? ಡಾಕ್ಟ್ರಮ್ಮ! ಮಾದಪ್ಪನಾಣೆ, ಆಯಮ್ಮನ ಎಸ್ರು ಏನೇ ಇರ್ಲಿ, ನನ್ ಮಗ್ಳಿಗೆ ಅದೇ!"

ತಪ್ಪಿಸಿಕೊಳ್ಳಲು ಹೇಳಿದ್ದಾದರೂ ಮಾತು ಮಾತ್ರ ನಿಜ. ಮೈಸೂರಿಂದ ಜೀಪಿನಲ್ಲಿ ಬರುತ್ತಿದ್ದ ಆ ರೇಷ್ಮೆ ವಿಜ್ಞಾನಿ ಮೂರು ದಿನ ಸಗಣಿ ಸಾರಿಸಿದ ನೆಲದ ಮೇಲೆ ಕೂತು, ರೋಗದ ಹುಳುಗಳನ್ನು ಕೈಯಾರೆ ಆರಿಸಿ, ತಟ್ಟೆಗಳನ್ನು ಔಷಧಿಯಲ್ಲಿ ತೊಳೆಸಿ, ಉಳಿದ ಹುಳುಗಳನ್ನು ಕಾಪಾಡಿಕೊಟ್ಟಿದ್ದರು. ಆ ಋಣ ಮನೆಯವರು ಮರೆಯುವಂಥದ್ದಲ್ಲ. ಹೆಂಡತಿ ವೀರಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡು, "ನನ್ ಮಗ್ಳೂ ಅವ್ರಂಗೇ ಓದ್ಲಿ" ಎಂದಳು. ಅತ್ತೆ ಚಾಚಿದ್ದ ಕಾಲು ಮಡಚಿಕೊಂಡಳು.

ಆಗ ಪಕ್ಕದ ಮನೆಯ ಕೆಂಪನಂಜಪ್ಪ ಕೈ ನೆಕ್ಕುತ್ತಾ ಕೇಳಿದ: "ಅದ್ಸರಿ ಕಣ್ಲಾ, ಆಯಮ್ಮನ ಎಸ್ರೇನು?"

ಅದು ಯಾರಿಗೂ ಗೊತ್ತಿರಲಿಲ್ಲ. ಅಷ್ಟು ಓದಿದ ಹೆಂಗಸನ್ನು ಹೆಸರು ಕೇಳುವುದುಂಟೇ? 'ಅಮ್ಮಾವ್ರೇ' ಎಂದರೆ ಸಾಕಾಗಿತ್ತು.

ಚನ್ನಾಜಮ್ಮನಿಗೆ ಜೀವ ಬಂತು. "ಎಸ್ರೇ ಗೊತ್ತಿಲ್ದೋರ ಎಸ್ರು ಇಡ್ತಾನಂತೆ! ದೀಪ ಅಚ್ಚೋದ್ರೊಳ್ಗೆ ತಿಳ್ಕಂಡ್ ಬಾ. ಇಲ್ದಿದ್ರೆ ನನ್ನೆಸ್ರೇ."

ಪುಟ್ಟಬಸಪ್ಪ ಸೈಕಲ್ ಹತ್ತಿದ. "ನೀನು ದಾರೀಲಿ ಯಾವ್ದಾರ ಎಸ್ರು ಕಟ್ಕಂಡ್ ಬಂದೀಯೆ, ಸಾಕ್ಷಿ ಬೇಕು" ಎಂದು ಕೆಂಪನಂಜಪ್ಪ ಕ್ಯಾರಿಯರ್ ಮೇಲೆ ಕೂತ. ಆತ ಎರಡು ಮೂಟೆ ತೂಕದ ಆಸಾಮಿ.

ಮೊದಲು ಊರಿನ ಮೇಷ್ಟರ ಮನೆ. ಹುಳುವಿನ ಔಷಧಿಗೆಂದು ಡಾಕ್ಟ್ರಮ್ಮ ಬರೆದುಕೊಟ್ಟಿದ್ದ ಚೀಟಿಯ ಸಹಿಯನ್ನು ಮೇಷ್ಟರು ತಿರುಗಿಸಿ ಮುರುಗಿಸಿ ನೋಡಿ, "ಇದು ಇಂಗ್ಲಿಷಲ್ಲ ಕಣಯ್ಯ, ನಿನ್ನ ಹುಳಾನೇ ಇದ್ರ ಮೇಲೆ ಹರಿದಾಡಿದೆ" ಎಂದರು. ಹನೂರಿನ ರೇಷ್ಮೆ ಇಲಾಖೆ ಆಫೀಸಿನಲ್ಲಿ ಜವಾನ, "ನಾವು ಮೇಡಮ್ಮು ಅಂತೀವಿ. ಈವತ್ತು ಬಂಡಳ್ಳೀಲವ್ರೆ" ಎಂದ. ಬಂಡಳ್ಳಿ ದಾರಿಯಲ್ಲಿ ಸೈಕಲ್ ಚೈನು ನಾಲ್ಕು ಸಲ ಕಳಚಿತು. ಅಷ್ಟು ಸಲವೂ ಕೆಂಪನಂಜಪ್ಪ ಇಳಿಯದೆ ಕೂತೇ ಸಲಹೆ ಕೊಟ್ಟ.

ಬಂಡಳ್ಳಿಯ ಹಿಪ್ಪುನೇರಳೆ ತೋಟದ ಬದುವಿನಲ್ಲಿ ಡಾಕ್ಟ್ರಮ್ಮ ಎಲೆ ಮಗುಚಿ ನೋಡುತ್ತಾ ನಿಂತಿದ್ದರು. ಮುಖಕ್ಕೆಲ್ಲ ಚೈನಿನ ಮಸಿ ಬಳಿದುಕೊಂಡಿದ್ದ ಪುಟ್ಟಬಸಪ್ಪ ಅಡ್ಡಬಿದ್ದು ವಿಷಯವನ್ನೆಲ್ಲ ಒದರಿದ.

ಡಾಕ್ಟ್ರಮ್ಮ ಕೈಯಲ್ಲಿದ್ದ ಎಲೆ ಬಿಟ್ಟು ಅವನ ಕಡೆ ತಿರುಗಿದರು. "ನಮ್ಮಜ್ಜಿ ಹೆಸರು ಕಣಪ್ಪ ನಂದು. ಯಳಂದೂರಿನಲ್ಲಿ ಹಾಲು ಮಾರಿ ನನ್ನನ್ನ ಓದಿಸಿದ್ರು. ಹಳೇ ಕಾಲದ ಹೆಸರು, ಬದಲಾಯಿಸ್ಕೊ ಅಂತ ಕಾಲೇಜಲ್ಲಿ ಎಲ್ಲಾ ನಗೋರು. ನಾನು ಬಿಡ್ಲಿಲ್ಲ. ಚನ್ನಾಜಮ್ಮ ಅಂತ."

ಕೆಂಪನಂಜಪ್ಪ ಹೊಟ್ಟೆ ಹಿಡಿದುಕೊಂಡು ಬದುವಿನ ಮೇಲೆ ಕುಸಿದ.

"ಅಮ್ಮಾವ್ರೇ... ಮನೇಲಿ ಕರ್ಯೋಕೆ ಇನ್ನೊಂದ್ ಎಸ್ರು ಏನಾರ?" ಪುಟ್ಟಬಸಪ್ಪ ಮೆಲ್ಲಗೆ ಕೇಳಿದ.

"ಇಲ್ಲಪ್ಪ. ಇದೊಂದೇ. ಅಜ್ಜಿ ಇದ್ದಿದ್ರೆ ಎಷ್ಟು ಸಂತೋಷಪಡೋರೋ" ಎಂದು ಆಕೆ ಕಣ್ಣೊರೆಸಿಕೊಂಡರು. ಇಂಥವರ ಹೆಸರಿಗಾಗಿ ಎಂಥ ಕಷ್ಟ ಬಂದರೂ ಸರಿ ಎಂದು ಪುಟ್ಟಬಸಪ್ಪನಿಗೆ ಅನ್ನಿಸಿತು.

ಸೈಕಲನ್ನು ಡಾಕ್ಟ್ರಮ್ಮನ ಜೀಪಿಗೆ ಹಾಕಿಕೊಂಡು ದೀಪ ಹಚ್ಚುವ ಹೊತ್ತಿಗೆ ಎಲ್ಲರೂ ಶಾಗ್ಯ ಸೇರಿದರು. ಡಾಕ್ಟ್ರಮ್ಮನೇ ತೊಟ್ಟಿಲಿಗೆ ಬಗ್ಗಿ ಮಗುವಿನ ಕಿವಿಯಲ್ಲಿ ಮೂರು ಸಲ ಹೆಸರು ಹೇಳಿ, ಆಮೇಲೆ ಎಲ್ಲರಿಗೂ ಕೇಳುವಂತೆ ಹೇಳಿದರು. ಅತ್ತೆ ತಟ್ಟನೆ ಎದ್ದು ಅಳಿಯನಿಗೆ ದೃಷ್ಟಿ ತೆಗೆದಳು.

"ಬಾಯಲ್ಲಿ ಬ್ಯಾಡ ಅಂದ್ರೂ ಮನ್ಸಲ್ಲಿ ಅತ್ತೆ ಮ್ಯಾಗೆ ಎಷ್ಟ್ ಆಸೆ ನೋಡಿ! ಇನ್ಮೇಲೆ ನಾನು ಇಲ್ಲೇ ಇದ್ದು ನನ್ನೆಸ್ರಿನ ಕೂಸ್ನ ಸಾಕ್ತೀನಿ."

"ಅಪ್ಪ ಒಂದ್ಸಲ ಎಸ್ರಿಡ್ದು ಕರೀಲಿ" ಎಂದು ಕೆಂಪನಂಜಪ್ಪ ಬೇಕೆಂದೇ ಕೂಗಿದ.

ಪುಟ್ಟಬಸಪ್ಪ ಬಾಯಿ ತೆರೆದ. ಅತ್ತೆಯನ್ನು ನೋಡಿದ. ಬಾಯಿ ಮುಚ್ಚಿದ. ಕೊನೆಗೆ ತೊಟ್ಟಿಲ ಹತ್ತಿರ ಬಗ್ಗಿ, "ಬಾರವ್ವ... ನನ್ ಡಾಕ್ಟ್ರಮ್ಮ" ಎಂದ.

ವೀರಮ್ಮ ಬಿಕ್ಕಿದಳು. ಮಗು ಕಣ್ಣು ಬಿಟ್ಟಿತು.

ಅವನು ಪಾಯಸದ ಎಲೆಯ ಮುಂದೆ ಕೂರುವಷ್ಟರಲ್ಲಿ ಹುಳುವಿನ ಮನೆಯಿಂದ ದನಿ ಬಂತು: "ಪುಟ್ಟಬಸಪ್ಪ, ಬೆಳಿಗ್ಗೆಯಿಂದ ಹುಳಕ್ಕೆ ಸೊಪ್ಪೇ ಹಾಕಿಲ್ವಲ್ಲೋ! ಏಳು ಮೊದ್ಲು!" ಅದು ಡಾಕ್ಟ್ರಮ್ಮ. "ಅಮ್ಮಾವ್ರು ಅಂದದ್ದು ಕೇಳ್ನಿಲ್ವಾ? ಓಗಿ ಸೊಪ್ಪು ಕುಯ್ಕಂಡ್ ಬನ್ನಿ!" ಅದು ಅತ್ತೆ. ತೊಟ್ಟಿಲಲ್ಲಿದ್ದದ್ದೂ ಕಿಟಾರನೆ ಕಿರುಚಿತು.

ಪುಟ್ಟಬಸಪ್ಪ ಪಾಯಸ ಬಿಟ್ಟು, ಕುಡುಗೋಲು ಹಿಡಿದು ತೋಟದ ಕಡೆ ಓಡಿದ. ಮೂವರು ಚನ್ನಾಜಮ್ಮಂದಿರಲ್ಲಿ ಒಬ್ಬಳನ್ನೂ ಹೆಸರು ಹಿಡಿದು ಬಯ್ಯುವ ಹಾಗಿರಲಿಲ್ಲ.